ಕೊನೆಗೆ 22 ರೆಫರೆನ್ಸ್ ಕೊಟ್ಟರೂ ಗೈಡ್ ಪೇಪರ್ ವಾಪಸ್ ಕೊಟ್ಟರು, ಎಲ್ಲಿ ತಪ್ಪಿದೆ?

ಪ್ರಶ್ನೆ:
ಮೊದಲ ಸಲ ಸಂಶೋಧನಾ ಪೇಪರ್ ಬರೆದಿದ್ದೇನೆ, ಎಪಿಎ ಶೈಲಿ (ಮೂಲಗಳನ್ನು ಹೆಸರಿಸೋಕೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮಾಡಿರುವ ಕ್ರಮ). ಕೊನೆಯಲ್ಲಿ 22 ರೆಫರೆನ್ಸ್ ಇವೆ. ಆದರೂ ಗೈಡ್ ನಾಲ್ಕು ಕಡೆ ‘ಇದು ಯಾರ ಮಾತು?’ ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಆ ಸಾಲುಗಳನ್ನು ಕಾಪಿ ಹೊಡೆದಿಲ್ಲ, ನನ್ನ ಮಾತಲ್ಲೇ ಬರೆದಿದ್ದೆ.

ಉತ್ತರ 1:
ಆ ಸಾಲುಗಳ ಪಕ್ಕದಲ್ಲಿ ಲೇಖಕರ ಹೆಸರು, ವರ್ಷ ಹಾಕಿದ್ದೀರಾ?

ಕೇಳಿದವರು:
ಪ್ಯಾರಾ ಮುಗಿಯುವ ಕಡೆ ಹಾಕಿದ್ದೇನೆ. ಮೂರು ಪುಸ್ತಕದ ವಿಷಯ ಇದ್ದರೆ ಮೂರನ್ನೂ ಒಟ್ಟಿಗೆ.

ಉತ್ತರ 2:
ಎಡವಟ್ಟು ಅಲ್ಲೇ ಆಗಿರೋದು. ಮೂರು ಹೆಸರು ಕೊನೆಗೆ ಗುಡ್ಡೆ ಹಾಕಿದರೆ ಯಾವ ಮಾತು ಯಾರದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಮಾತು ನಿಮ್ಮದಾದರೂ ವಿಚಾರ ಅವರದು ಅಲ್ವಾ, ಹಾಗಾಗಿ ಯಾರ ವಿಚಾರವೋ ಅವರ ಹೆಸರು ಆ ವಾಕ್ಯದಲ್ಲೇ ಬರಬೇಕು. ಇದ್ದ ಹಾಗೇ ಎತ್ತಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ ಪುಟ ಸಂಖ್ಯೆಯನ್ನೂ ಕೊಡಿ: (ಲೇಖಕರ ಹೆಸರು, 2018, ಪು. 45). 40 ಪದ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಚಿಹ್ನೆ ಬೇಡ, ಪೂರ್ತಿ ಭಾಗವನ್ನು ಬೇರೆ ಪ್ಯಾರಾ ಮಾಡಿ ಎಡಕ್ಕೆ ಜಾಗ ಬಿಡಿ. ನೀರು 100 ಡಿಗ್ರಿಗೆ ಕುದಿಯುತ್ತೆ ಅನ್ನೋ ತರ ಎಲ್ಲರಿಗೂ ಗೊತ್ತಿರೋ ವಿಷಯಕ್ಕೆಲ್ಲ ಸುಮ್ನೆ ರೆಫರೆನ್ಸ್ ಹುಡುಕಬೇಡಿ.

ಕೇಳಿದವರು:
ಸರಿ. ಒಂದು ಮೂಲ ಲೇಖನ ನನಗೆ ಸಿಗಲೇ ಇಲ್ಲ. ಇನ್ನೊಬ್ಬರ ಪುಸ್ತಕದಲ್ಲಿ ಅದರ ಸಾಲು ನೋಡಿ ಮೂಲವನ್ನೇ ಪಟ್ಟಿಗೆ ಸೇರಿಸಿದ್ದೇನೆ. ನಡೆಯುತ್ತಾ?

ಉತ್ತರ 2:
ನಡೆಯಲ್ಲ, ಓದದೇ ಇದ್ದದ್ದನ್ನು ಓದಿದೆ ಅಂದ ಹಾಗಾಯಿತು. ಆ ಪುಸ್ತಕದವರು ತಪ್ಪಾಗಿ ಬರೆದಿದ್ದರೆ ಆ ತಪ್ಪೂ ನಿಮ್ಮ ತಲೆಗೇ ಬರುತ್ತೆ! ಬರಹದೊಳಗೆ ಮೂಲ ಲೇಖಕರನ್ನು ಹೆಸರಿಸಿ, ಇಂಥವರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ ಅಂತ ಹೇಳಿ. ಪಟ್ಟಿಗೆ ನೀವು ಓದಿದ ಪುಸ್ತಕ ಮಾತ್ರ.

ಉತ್ತರ 1:
ಇನ್ನೊಂದು. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಎಪಿಎ ಕೈಪಿಡಿಯ 2019ರ ಏಳನೇ ಆವೃತ್ತಿ ಪ್ರಕಾರ ಮೊದಲ ಸಲದಿಂದಲೇ ‘ಮೊದಲ ಲೇಖಕರು ಮತ್ತು ಇತರರು’ ಸಾಕು. ಹಳೆ ಪೇಪರ್ ನೋಡಿ ಬರೆದರೆ ಇಲ್ಲಿ ಎಡವುತ್ತೀರಿ. ಆಮೇಲೆ ಪಟ್ಟಿಯ ಒಂದೊಂದೇ ಹೆಸರನ್ನು ಫೈಲಿನಲ್ಲಿ ಸರ್ಚ್ ಮಾಡಿ, ಒಳಗೆ ಎಲ್ಲಾದರೂ ಬಂದಿದೆಯಾ ನೋಡಿ.

ಕೇಳಿದವರು:
ಮಾಡಿದೆ. ಆರು ಒಳಗೆ ಎಲ್ಲೂ ಇಲ್ಲ 😅 ಓದಿದ್ದೆ ಅಂತ ಸೇರಿಸಿದ್ದೆ.

ಉತ್ತರ 2:
ಓದಿದ್ದಕ್ಕೆ ಮೋಸವಿಲ್ಲ, ಆದರೆ ಎಪಿಎ ಪಟ್ಟಿಯಲ್ಲಿ ಅವಕ್ಕೆ ಜಾಗ ಇಲ್ಲ. ಆರನ್ನೂ ತೆಗೆಯಿರಿ.