ನವೆಂಬರ್ 1ಕ್ಕೆ ರಕ್ತದಾನ ಶಿಬಿರ, 200 ಯೂನಿಟ್ ಗುರಿ. ಆಗುತ್ತಾ?

ಅರಸೀಕೆರೆ ಕಡೆಯವ

ನಮ್ಮದು ಅರಸೀಕೆರೆ ತಾಲ್ಲೂಕಿನ ಹೋಬಳಿ ಊರು. ಯುವಕ ಸಂಘದಿಂದ ರಾಜ್ಯೋತ್ಸವದ ದಿನ ರಕ್ತದಾನ ಶಿಬಿರ ಇಡೋಣ ಅಂತಿದೀವಿ. ದೇವಸ್ಥಾನದ ಮುಂದೆ ಶಾಮಿಯಾನ, ಬೆಳಗ್ಗೆ 10ರಿಂದ ಮಧ್ಯಾಹ್ನ 1, ಗುರಿ 200 ಯೂನಿಟ್, ಅಂದ್ರೆ 200 ಜನರಿಂದ ಒಂದೊಂದು ಚೀಲ ರಕ್ತ. ವಾಟ್ಸಾಪ್ ಗುಂಪಲ್ಲಿ ಆಗಲೇ 140 ಹೆಸರು ಬಂದಿವೆ. ಕೊಟ್ಟವರಿಗೆಲ್ಲ ಒಂದೊಂದು ಹೆಲ್ಮೆಟ್ ಕೊಡಿಸೋಕೆ ಪ್ರಾಯೋಜಕರೂ ಸಿಕ್ಕಿದಾರೆ. ಯಾವ ಬ್ಲಡ್ ಬ್ಯಾಂಕ್ ಕರೀಬೇಕು, ಎಲ್ಲಿ ಎಡವ್ತೀವಿ? ತಿಳಿದವರು ಹೇಳಿ.

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್

ಮೊದಲು ಲೆಕ್ಕ ನೋಡಿ. ಒಬ್ಬ ವೈದ್ಯರು, ಇಬ್ಬರು ನರ್ಸ್, ಮೂವರು ಟೆಕ್ನಿಷಿಯನ್, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಅಟೆಂಡರ್ ಇರುವ ತಂಡ 6ರಿಂದ 8 ಮಂಚ ಹಾಕಿದರೆ 3 ಗಂಟೆಯಲ್ಲಿ 50–70 ಜನ, 5 ಗಂಟೆಯಲ್ಲಿ 100–120 ಜನ. ಇದು ಔಷಧ ನಿಯಮಗಳಲ್ಲೇ ಬರೆದಿರುವ ಪ್ರಮಾಣ. ಮೂರು ಗಂಟೆಯಲ್ಲಿ 200 ಬೇಕಂದ್ರೆ ಇಂಥ ಮೂರು ತಂಡ ಬರಬೇಕು. ಹಬ್ಬದ ದಿನ ಯಾರು ಕಳಿಸ್ತಾರೆ? 60 ಅಂತ ಇಟ್ಕೊಳ್ಳಿ. ಅದೇನೂ ಕಡಿಮೆ ಅಲ್ಲ.

ಕರೆಯೋದು ಸರ್ಕಾರಿ ಬ್ಲಡ್ ಬ್ಯಾಂಕ್, ರೆಡ್ ಕ್ರಾಸ್, ಇಲ್ಲಾ ಮಾನ್ಯತೆ ಇರುವ ಸೇವಾ ಸಂಸ್ಥೆಯ ಬ್ಲಡ್ ಬ್ಯಾಂಕ್. ಲೈಸೆನ್ಸ್ ಪ್ರತಿ ಕೇಳೋಕೆ ಸಂಕೋಚ ಬೇಡ. ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ರಕ್ತದ ಭಾಗಗಳನ್ನ ಬೇರೆ ಮಾಡುವ ಸೌಲಭ್ಯ ಇದೆಯಾ ಅಂತಲೂ ಕೇಳಿ. ಇದ್ದರೆ ರಕ್ತ ತೆಗೆದ 6ರಿಂದ 8 ಗಂಟೆಯೊಳಗೆ ಲ್ಯಾಬಿಗೆ ತಲುಪಿ ಕೆಲಸ ಮುಗೀಬೇಕು. ಒಂದು ಗಂಟೆಗೆ ಶಿಬಿರ ಮುಗಿದು, ಆಮೇಲೆ ಸನ್ಮಾನ, ಊಟ ಅಂತ ತಂಡವನ್ನ ನಾಲ್ಕರವರೆಗೆ ಕೂರಿಸಿಕೊಂಡರೆ ಬೆಳಗಿನ ಚೀಲಗಳಿಂದ ಪ್ಲೇಟ್‌ಲೆಟ್ ಸಿಗಲ್ಲ.

ಉದ್ಘಾಟನೆಯೂ ಹಾಗೇ. ಅತಿಥಿಗಳು ಬರೋವರೆಗೆ ಸೂಜಿ ಚುಚ್ಚಬೇಡಿ ಅನ್ನೋ ಕಾರ್ಯಕ್ರಮದಲ್ಲಿ ಜನ ಬೆಳಗಿನ ತಿಂಡಿ ಅರಗಿಸಿಕೊಂಡು ಖಾಲಿ ಹೊಟ್ಟೇಲಿ ಮಂಚ ಹತ್ತುತ್ತಾರೆ. ತಲೆಸುತ್ತು ಬರೋದು ಆಗಲೇ. ಮಧ್ಯದಲ್ಲಿ ನಿಲ್ಲಿಸಿದರೆ ಚೀಲವೂ ಹಾಳು: 350 ಮಿಲೀ ಚೀಲದಲ್ಲಿ 49 ಮಿಲೀ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಮೊದಲೇ ಇರುತ್ತೆ, 100ಕ್ಕೆ 14ರಂತೆ. ರಕ್ತ ಕಡಿಮೆ ಬಿದ್ದರೆ ಅಳತೆ ಕೆಟ್ಟು ಎಸೀಬೇಕಾಗುತ್ತೆ.

ಹೆಲ್ಮೆಟ್ ದಯವಿಟ್ಟು ಕೈಬಿಡಿ. ದುಡ್ಡು ಕೊಟ್ಟು ರಕ್ತ ತಗೊಳ್ಳೋದು 1998ರ ಜನವರಿ 1ರಿಂದಲೇ ನಿಂತಿದೆ. ಬೆಲೆ ಬಾಳುವ ಉಡುಗೊರೆಯೂ ಅದರ ತಮ್ಮನೇ. ಹೆಲ್ಮೆಟ್ ಆಸೆಗೆ ಬಂದವನು ಕಾಮಾಲೆ ಆಗಿತ್ತು ಅಂತ ಬಾಯಿ ಬಿಡಲ್ಲ. ಪ್ರಮಾಣಪತ್ರ, ಬಾಳೆಹಣ್ಣು, ಬಿಸ್ಕತ್ತು, ಜ್ಯೂಸು ಸಾಕು. ‘ಎಚ್‌ಐವಿ ಟೆಸ್ಟ್ ಉಚಿತ’ ಅಂತ ಬ್ಯಾನರಲ್ಲಿ ಹಾಕಲೇಬೇಡಿ. ಅನುಮಾನ ಇರೋರು ಪರೀಕ್ಷೆಗೋಸ್ಕರವೇ ಬರ್ತಾರೆ. ಸೋಂಕು ಹೊಸದಾಗಿದ್ದರೆ ಟೆಸ್ಟಿಗೂ ಸಿಗದೆ ಇರಬಹುದು.

ಶಿಬಿರದ ನರ್ಸ್

140 ಹೆಸರಲ್ಲಿ ಅರ್ಧ ಜನ ಬಂದರೆ ನಿಮ್ಮ ಅದೃಷ್ಟ. ಬಂದವರಲ್ಲೂ ಒಂದಷ್ಟು ಜನರನ್ನ ವಾಪಸ್ ಕಳಿಸ್ಬೇಕಾಗುತ್ತೆ, ಆಗ ನಮ್ಮ ಮೇಲೇ ಸಿಟ್ಟು. ಅದಕ್ಕೇ ಈ ವಿಷಯ ಗುಂಪಿನಲ್ಲಿ ವಾರ ಮುಂಚೆ ಹಾಕಿಬಿಡಿ: ವಯಸ್ಸು 18ರಿಂದ 65, ಆದರೆ ಮೊದಲ ಸಲ ಕೊಡೋರು 60 ದಾಟಿರಬಾರದು. ತೂಕ ಕನಿಷ್ಠ 45 ಕೆಜಿ, 450 ಮಿಲೀ ಕೊಡೋಕೆ 55ಕ್ಕಿಂತ ಹೆಚ್ಚು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಹಚ್ಚೆ ಹಾಕಿಸಿದ್ರೆ, ಕಿವಿ ಚುಚ್ಚಿಸಿದ್ರೆ ಒಂದು ವರ್ಷ. ಡೆಂಗಿ ಬಂದು ಪೂರ್ತಿ ವಾಸಿಯಾದ ಮೇಲೆ 6 ತಿಂಗಳು, ಹಲ್ಲು ಕೀಳಿಸಿದ್ರೂ 6 ತಿಂಗಳು. ಹಾಲುಣಿಸೋ ತಾಯಂದಿರು ಬೇಡ. ಉಪವಾಸದವರು, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು, ಹಿಂದಿನ ರಾತ್ರಿ ಕುಡಿದು ಅಮಲು ಇಳಿಯದವರು ಬೇಡ.

ಹಿಮೋಗ್ಲೋಬಿನ್ 12.5 ಇರಬೇಕು, ಹೆಣ್ಣುಮಕ್ಕಳು ಹೆಚ್ಚಾಗಿ ಇಲ್ಲೇ ವಾಪಸ್. ನೀಲಿ ಮೈಲುತುತ್ತದ ದ್ರಾವಣಕ್ಕೆ ಒಂದು ಹನಿ ಬಿಟ್ಟಾಗ ಅದು 15 ಸೆಕೆಂಡಲ್ಲಿ ತಳಕ್ಕೆ ಹೋದರೆ ಪಾಸ್. ಮಧ್ಯದಲ್ಲೇ ತೇಲಿದರೆ ಇಲ್ಲ. 30 ಮಿಲೀ ದ್ರಾವಣಕ್ಕೆ 25 ಹನಿ ಆದಮೇಲೆ ಬದಲಿಸ್ಬೇಕು, ಇಲ್ಲಾಂದ್ರೆ ಫಲಿತಾಂಶ ನಂಬೋ ಹಾಗಿಲ್ಲ. ಫೇಲಾದವರಿಗೆ ‘ನಿನ್ನ ರಕ್ತ ನೀರು’ ಅಂತ ತಮಾಷೆ ಮಾಡೋ ಹುಡುಗರನ್ನ ಆ ಮೇಜಿನ ಹತ್ತಿರ ಬಿಡಬೇಡಿ. ಫೇಲಾದವರನ್ನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಶಾಮಿಯಾನ ಬೇಡವೇ ಬೇಡ. ಸರ್ಕಾರಿ ಶಾಲೆಯ ಎರಡು ಕೋಣೆ ಕೇಳಿ: ಒಂದರಲ್ಲಿ ಮಂಚ, ಫ್ಯಾನು, ಇನ್ನೊಂದರಲ್ಲಿ ವೈದ್ಯರು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡೋಕೆ. ನೋಂದಣಿ ಹೊರಗೆ ಜಗಲಿ ಮೇಲೆ. ಈ ಎರಡನೇ ಕೋಣೆಯನ್ನೇ ಎಲ್ಲರೂ ಮರೆಯೋದು. ಲೈಂಗಿಕ ಸಂಪರ್ಕ, ಚುಚ್ಚುಮದ್ದಿನ ಚಟ ಎಲ್ಲಾ ಕೇಳಬೇಕಾಗುತ್ತೆ. ಚಿಕ್ಕಪ್ಪ ಬೆನ್ನ ಹಿಂದೆ ಸಾಲಲ್ಲಿ ನಿಂತಿದ್ರೆ ಯಾವ ಹುಡುಗ ನಿಜ ಹೇಳ್ತಾನೆ? ಕೈ ತೊಳೆಯೋ ನೀರು, ಕರೆಂಟ್ ಹೋದರೆ ಜನರೇಟರ್ ನಿಮ್ಮ ಜವಾಬ್ದಾರಿ. ಮೈಕ್ ಸೆಟ್ ಬಂದ್. ‘ಕೈ ಜುಮ್ಮೆನ್ನುತ್ತೆ’ ಅಂತ ದಾನಿ ಹೇಳಿದ್ದು ನಮಗೆ ಕೇಳಿಸ್ಬೇಕು.

ಕೊಡೋಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಸಿ. ಆದಮೇಲೆ 15 ನಿಮಿಷ ಕೂರಿಸಿ, ಸೆಲ್ಫಿ ಅಂತ ತಟ್ಟನೆ ಏಳಿಸಬೇಡಿ. ಯಾರಾದ್ರೂ ಬೆವರಿ ಬಿಳಿಚಿಕೊಂಡ್ರೆ ನೆಲದ ಮೇಲೇ ಮಲಗಿಸಿ ಕಾಲು ಎತ್ತಿ ಹಿಡಿದು ನಮ್ಮನ್ನ ಕೂಗಿ. ಸುತ್ತ ಗುಂಪು ಸೇರಿಸಬೇಡಿ, ಬಾಯಿಗೆ ಸೋಡಾ ಸುರೀಬೇಡಿ.

ಅರಸೀಕೆರೆ ಕಡೆಯವ

ಹೆಲ್ಮೆಟ್ ರದ್ದು, ಶಾಲೆ ಮಾತಾಡ್ತೀವಿ. ತಾರೀಖಾದ್ರೂ ಸರಿ ಇದೆಯಾ?

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್

ತಾರೀಖೇ ದೊಡ್ಡ ತಪ್ಪು ಅಣ್ಣ, ಮೊದಲೇ ಹೇಳ್ಬೇಕಿತ್ತು. ಅಕ್ಟೋಬರ್ 1 ರಾಷ್ಟ್ರೀಯ ರಕ್ತದಾನ ದಿನ, ನವೆಂಬರ್ 1ಕ್ಕೆ ರಾಜ್ಯೋತ್ಸವ, ಎರಡಕ್ಕೂ ಊರೂರಲ್ಲಿ ಶಿಬಿರ. ಪೂರ್ಣ ರಕ್ತ ಫ್ರಿಜ್ಜಲ್ಲಿ 35 ದಿನ, ಪ್ಲೇಟ್‌ಲೆಟ್ ಬರೀ 5 ದಿನ. ನವೆಂಬರ್ 1ರಂದು ತೆಗೆದದ್ದು ಡಿಸೆಂಬರ್ ಮೊದಲ ವಾರ ದಾಟಲ್ಲ, ನಿಮ್ಮ ದಾನಿಗಳಲ್ಲಿ ಗಂಡಸರೂ ಜನವರಿ 30ರವರೆಗೆ ಮತ್ತೆ ಕೊಡೋ ಹಾಗಿಲ್ಲ, ಹೆಂಗಸರು ಇನ್ನೂ ಒಂದು ತಿಂಗಳು ಕಾಯಬೇಕು. ಫ್ರಿಜ್ಜು ಖಾಲಿ ಹೊಡೆಯೋದು ಏಪ್ರಿಲ್, ಮೇನಲ್ಲಿ, ಕಾಲೇಜಿಗೆ ರಜೆ ಬಿದ್ದಾಗ. ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ‘ನಿಮಗೆ ಯಾವಾಗ ಬೇಕು’ ಅಂತ ಕೇಳಿ ದಿನ ಗೊತ್ತು ಮಾಡಿ. ರಾಜ್ಯೋತ್ಸವದ ದಿನ ಬೇಕಾದ್ರೆ ಹೆಸರು, ಬ್ಲಡ್ ಗ್ರೂಪ್ ಬರೆಸಿಕೊಳ್ಳಿ. ಅಪರೂಪದ ಓ ನೆಗೆಟಿವ್, ಎಬಿ ನೆಗೆಟಿವ್‌ನವರು ಸಿಕ್ಕರೆ ಬೇಸಿಗೆ ಶಿಬಿರಕ್ಕೂ ಮಲಗಿಸಬೇಡಿ. ನಂಬರ್ ಬೇರೆ ಬರೆದಿಟ್ಟುಕೊಂಡು, ಹೆರಿಗೆ ವಾರ್ಡಿಂದ ಫೋನ್ ಬಂದಾಗ ಮಾತ್ರ ಕರೀರಿ.