ವಾರ್ಡ್ ಸಭೆಯಲ್ಲಿ ವಯಸ್ಸಾದವರ ಪರವಾಗಿ ಏನು ಕೇಳಬಹುದು?

ಕಾನೂರು_ಗುಡ್ಡ:
ತೀರ್ಥಹಳ್ಳಿ ಕಡೆಯವನು ನಾನು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಬೇಡಿಕೆ ಕೊಡಿ ಅಂತ ಪಂಚಾಯ್ತಿಯವರು ಕೇಳಿದ್ದಾರೆ. ಪ್ರತಿ ಸಲವೂ ರಸ್ತೆ, ಚರಂಡಿ, ಬೀದಿ ದೀಪ ಅಷ್ಟಕ್ಕೇ ಸಭೆ ಮುಗಿಯುತ್ತದೆ. ನಮ್ಮಲ್ಲಿ ಮನೆಗಳು ದೂರ ದೂರ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಕೆಲವು ಕಡೆ ಒಬ್ಬರೇ, ಮಳೆಗಾಲದಲ್ಲಿ ಕರೆಂಟ್ ಹೋಗಿ ಫೋನೂ ಸಿಗದಿದ್ದರೆ ಅವರು ಹೇಗಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ವೃದ್ಧಾಶ್ರಮ ಕೇಳೋಣ ಅಂತ ಕೆಲವರು, ಹಿರಿಯರ ಭವನ ಕೇಳೋಣ ಅಂತ ಇನ್ನು ಕೆಲವರು. ಪಂಚಾಯ್ತಿ ಕೈಯಲ್ಲಿ ನಿಜವಾಗಿ ಏನಾಗುತ್ತದೆ?

ಹಳೇ_ಮೆಂಬರ್:
ದಯವಿಟ್ಟು ಕಟ್ಟಡ ಕೇಳಬೇಡಿ. ಬಡ ಹಿರಿಯರಿಗೆ ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲೇ ಇದೆ, ಅದು ಪಂಚಾಯ್ತಿ ಕೆಲಸ ಅಲ್ಲ. ಭವನ ಕಟ್ಟಿದರೆ ಅಲ್ಲಿವರೆಗೆ ನಡೆದು ಬರಲಾಗದವರಿಗೆ ಏನು ಸಿಕ್ಕ ಹಾಗಾಯಿತು?

ಮೊದಲು ಒಂದು ಪಟ್ಟಿ ಮಾಡಿಸಿ. ಒಬ್ಬರೇ ಇರುವವರು ಯಾರು, ಓಡಾಡಲು ಆಗದವರು ಯಾರು, ಬಿಪಿ ಶುಗರ್ ಮಾತ್ರೆ ತಗೊಳ್ಳುವವರು ಯಾರು, ಅರ್ಹತೆ ಇದ್ದೂ ಪಿಂಚಣಿ ಬರದವರು ಯಾರು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಕೂರಿಸಿಕೊಂಡರೆ ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ. ಪಟ್ಟಿ ಇಲ್ಲದೆ ಹೋದರೆ "ನೋಡೋಣ" ಅಂತಾರೆ, ಅಷ್ಟೇ.

ದುಡ್ಡಿನ ವಿಷಯ: 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹಾಗಾಗಿ ಇಂಥ ಕೆಲಸಕ್ಕೆ ಕಂದಾಯದಿಂದ ಬರುವ ಸ್ವಂತ ಸಂಪನ್ಮೂಲದ ಮೇಲೆ ಕಣ್ಣಿಡಿ.

ಅಡಿಕೆಸಿಪ್ಪೆ:
ಇದಕ್ಕೆ ಸೇರಿಸುತ್ತೇನೆ. ಪಂಚಾಯ್ತಿಗಳು ಅಂಗವಿಕಲರಿಗೆ ಶೇ. 5ರಷ್ಟು ಹಣ ತೆಗೆದಿಡಬೇಕು. ವಯಸ್ಸಾಗಿ ಕಣ್ಣು, ಕಿವಿ, ಕಾಲು ಸೋತವರಲ್ಲಿ ಅಂಗವೈಕಲ್ಯ ಪ್ರಮಾಣ ಶೇ. 40 ದಾಟುವವರು ಬೇಕಾದಷ್ಟು ಜನ ಇದ್ದಾರೆ, ಆದರೆ "ವಯಸ್ಸಾಯ್ತು, ಇದು ಇರೋದೇ" ಅಂತ ಅಂಗವಿಕಲರ ಗುರುತಿನ ಕಾರ್ಡ್ (ಯುಡಿಐಡಿ) ಮಾಡಿಸುವುದೇ ಇಲ್ಲ. ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಯುಡಿಐಡಿ ಕಾರ್ಡಿಗೆ ಅವರೇ ಅರ್ಜಿ ಹಾಕಿಸುತ್ತಾರೆ.

ಚಂದ್ರಗಿರಿ_ದಡ:
ನಾನು ಕಾಸರಗೋಡಿನ ಕನ್ನಡದವಳು. ಕೇರಳದಲ್ಲಿ 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಗೆಂದೇ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆಂದೇ, ಸರ್ಕಾರ ನೀತಿ ತಂದಿತು. ಆಮೇಲೆ ಪಂಚಾಯ್ತಿಗಳು ತಮ್ಮ ಯೋಜನೆಯಲ್ಲೇ ಅದಕ್ಕೆ ಹಣ ಇಡುತ್ತಿವೆ. ತರಬೇತಾದ ನರ್ಸ್ ಗಾಡಿಯಲ್ಲಿ ಮನೆಗೇ ಬರುತ್ತಾರೆ. ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಕ್ಯಾಥೆಟರ್ ಬದಲಾಯಿಸುತ್ತಾರೆ, ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಹೇಗೆ ಮಗ್ಗುಲು ಬದಲಾಯಿಸಬೇಕು ಅಂತ ಹೇಳಿಕೊಡುತ್ತಾರೆ. ಹಾಸಿಗೆ ಹಿಡಿದವರಿರುವ ಮನೆಗೆ ಇದು ಎಷ್ಟು ದೊಡ್ಡ ಆಸರೆ ಅಂತ ಅನುಭವಿಸಿದವರಿಗೇ ಗೊತ್ತು. ಗಡಿಯ ಆಚೆ ಬದಿಗೂ ಇದು ಬರಬೇಕು ಅಂತ ನನಗೆ ತುಂಬಾ ಆಸೆ.

ಅಂಚೆಪೆಟ್ಟಿಗೆ:
ಪಿಂಚಣಿ ಮರೆಯಬೇಡಿ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಅದನ್ನು ತರಲು ಪೇಟೆಗೆ ಆಟೋ ಮಾಡಿಕೊಂಡು ಹೋದರೆ ಎಷ್ಟು ಉಳಿಯಿತು? ಅಂಚೆ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಆಧಾರ್ ನೋಡಿ ಹಣ ಕೊಡಬಹುದು. ಒಂದೇ ತೊಡಕು, ಜೀವನಪೂರ್ತಿ ತೋಟದಲ್ಲಿ ದುಡಿದವರ ಬೆರಳ ಗುರುತು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ತಿಂಗಳಿಗೊಂದು ದಿನ ಊರಿನ ಶಾಲೆಯಲ್ಲೋ ಅರಿವು ಕೇಂದ್ರದಲ್ಲೋ (ಪಂಚಾಯ್ತಿ ಗ್ರಂಥಾಲಯ) ಅಂಚೆಯವರನ್ನೂ ನರ್ಸನ್ನೂ ಒಟ್ಟಿಗೆ ಕರೆಸಿ. ಬರಲಾಗದವರ ಮನೆಗೆ ಮಾತ್ರ ಆಮೇಲೆ ಹೋಗಲಿ.

ಕಾನೂರು_ಗುಡ್ಡ:
ತುಂಬಾ ಉಪಯೋಗ ಆಯಿತು. ಹಾಗಾದರೆ ಪಟ್ಟಿ, ತಿಂಗಳಿಗೊಂದು ದಿನದ ಸೇವೆ, ನರ್ಸ್ ಓಡಾಟಕ್ಕೆ ಗಾಡಿ ಬಾಡಿಗೆ, ಈ ಮೂರನ್ನೇ ಬರೆಯುತ್ತೇನೆ. ಗಾಡಿಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಪ್ಪುತ್ತಾರಾ ಅನ್ನೋದೇ ಚಿಂತೆ.

ಹಳೇ_ಮೆಂಬರ್:
ಬಾಯಲ್ಲಿ ಕೇಳಿದರೆ ಒಪ್ಪುವುದು ಕಷ್ಟ. ವಾರ್ಡ್ ಸಭೆಯ ನಡವಳಿಯಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಗ್ರಾಮ ಸಭೆಗೆ ಅದರ ನಕಲು ಹಿಡಿದುಕೊಂಡೇ ಹೋಗಿ. ಹಿರಿಯರನ್ನೂ ಒಂದಿಬ್ಬರನ್ನು ಜೀಪಿನಲ್ಲಿ ಕರೆದುಕೊಂಡು ಬನ್ನಿ, ಅವರ ಮಾತು ಅವರೇ ಆಡಲಿ.