ಮೂರನೇ ಕ್ಲಾಸಿನ ಮಗಳಿಗೆ ಹೋಮ್‌ವರ್ಕ್ ಅಂದರೆ ಅಳು. ಏನು ಮಾಡಲಿ?

ತುಮಕೂರಿನ ಅಮ್ಮ:
ಸಂಜೆ ಬ್ಯಾಗ್ ತೆಗೆದರೆ ಸಾಕು, ಮಗಳ ಮುಖ ಬಾಡುತ್ತದೆ. ಕನ್ನಡ ಕಾಪಿ ಒಂದು ಪುಟ, ಇಂಗ್ಲಿಷ್ ಒಂದು ಪುಟ, ಆರು ಮತ್ತು ಏಳರ ಮಗ್ಗಿ ತಲಾ ಐದು ಸಲ. ದಿನಾ ಇಷ್ಟೇ. ಏಳಕ್ಕೆ ಕೂತರೆ ಮುಗಿಯುವುದು ಎಂಟೂವರೆಗೆ. ನಾನು ಪಕ್ಕದಿಂದ ಎದ್ದರೆ ಪೆನ್ಸಿಲ್ ಕೆಳಗೆ. ಚಾಕೊಲೇಟ್ ಆಸೆ ತೋರಿಸಿದೆ, ಸ್ವಲ್ಪ ದಿನ ನಡೆಯಿತು, ಆಮೇಲೆ ಇಲ್ಲ. ಓದೋದೇ ಬೇಡ ಅಂದುಬಿಟ್ಟರೆ ಅಂತ ಭಯ.

ಅರಸೀಕೆರೆ ಟೀಚರ್:
ಪ್ರೈಮರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲು ಹೋಮ್‌ವರ್ಕ್ ಎಷ್ಟಿದೆ ಅಂತ ನೋಡಿ. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕೇ ಬೇಡ ಅಂತಿದೆ. 3ರಿಂದ 5ನೇ ಕ್ಲಾಸಿಗೆ ಹೆಚ್ಚೆಂದರೆ 2 ಗಂಟೆ. ಅದೂ ವಾರಕ್ಕೆ! ನಿಮ್ಮ ಮಗಳು ಎರಡೇ ಸಂಜೆಗೆ ಅದನ್ನು ದಾಟುತ್ತಿದ್ದಾಳೆ. ದಣಿದ ಮಗು ಅಳುತ್ತದೆ, ಅಲ್ವಾ? ಡೈರಿಯಲ್ಲಿ 'ಇಷ್ಟು ಹೊತ್ತು ಕೂತಳು, ಇಷ್ಟು ಮುಗಿಯಿತು' ಅಂತ ಬರೆದು ಸಹಿ ಹಾಕಿ ಕಳಿಸಿ. ಮನೆಯಲ್ಲಿ ಎಷ್ಟು ಹೊತ್ತು ಹಿಡಿಯಿತು ಅಂತ ನೀವು ಹೇಳದೆ ನಮಗೆ ಗೊತ್ತಾಗುವುದಿಲ್ಲ.

ಯಾವುದು ಮೊದಲು ಅನ್ನೋದನ್ನು ಅವಳೇ ಹೇಳಲಿ. ಬರೆಯಲು ಕೂರೋದು ತಿಂಡಿ, ಆಟ ಆದ ಮೇಲೆ.

ಮಗ್ಗಿ ಸುಮ್ನೆ ಬರೆಸಬೇಡಿ. ರಂಗೋಲಿಗೆ ಇಡುವ ಹಾಗೆ ಚುಕ್ಕಿ ಇಡಿಸಿ. ಸಾಲಿಗೆ ಏಳು ಚುಕ್ಕಿ, ಅಂಥ ಆರು ಸಾಲು. ಒಂದೊಂದು ಸಾಲಿಗೂ ಎಷ್ಟಾಯಿತು ಅಂತ ಅವಳೇ ಹೇಳಲಿ: ಏಳು, ಹದಿನಾಲ್ಕು, ಇಪ್ಪತ್ತೊಂದು. ಆಮೇಲೆ ಪಕ್ಕಕ್ಕೆ ಬಂದು ನೋಡಲು ಹೇಳಿ. ಈಗ ಸಾಲಿಗೆ ಆರು, ಅಂಥ ಏಳು ಸಾಲು. ಏಳಾರ್ಲ ನಲವತ್ತೆರಡು, ಆರೇಳ್ಲ ನಲವತ್ತೆರಡು. ಒಂದು ಗೊತ್ತಿದ್ದರೆ ಇನ್ನೊಂದೂ ಬಂತು! ಇದನ್ನು ತಾನೇ ಕಂಡುಕೊಂಡ ಮಗು ಮತ್ತೆ ಚುಕ್ಕಿ ಇಡಲು ಕೇಳುತ್ತದೆ.

ಇನ್ನೊಂದು. ತಪ್ಪು ಬರೆದ ಕೂಡಲೇ ರಬ್ಬರ್ ಕೊಡಬೇಡಿ. ಎಲ್ಲವನ್ನೂ ನೀವು ತಿದ್ದಿ ಕಳಿಸಿದರೆ ಅವಳಿಗೆ ಏನು ಅರ್ಥವಾಗಿಲ್ಲ ಅಂತ ಟೀಚರಿಗೆ ತಿಳಿಯೋದು ಹೇಗೆ?

ಇಬ್ಬರು ಗಂಡುಮಕ್ಕಳ ಅಪ್ಪ:
ಟೀಚರ್ ಹೇಳಿದ್ದು ಸರಿ. ಆದರೆ ಕಡಿಮೆ ಬರೆದರೆ ಕೈಬರಹ ಕೆಡುವುದಿಲ್ಲವೇ?

ಅರಸೀಕೆರೆ ಟೀಚರ್:
ಇಲ್ಲ. ನಾಲ್ಕು ಸಾಲು ನಿಧಾನವಾಗಿ ಬರೆದರೆ ಅಕ್ಷರ ದುಂಡಗಿರುತ್ತದೆ. ಜಾಸ್ತಿ ಕೆಡುವುದು ಪುಟದ ಕೊನೆಯ ಸಾಲುಗಳಲ್ಲೇ. ಯಾವ ಮಗುವಿನ ಕಾಪಿ ಬುಕ್ ಬೇಕಾದರೂ ತೆಗೆದು ನೋಡಿ.

ತುಮಕೂರಿನ ಅಮ್ಮ:
ಡೈರಿಯಲ್ಲಿ ಇವತ್ತೇ ಬರೆಯುತ್ತೇನೆ. ಚುಕ್ಕಿ ಇಡಲು ಸ್ಲೇಟ್ ಸಾಕಾ?

ಅರಸೀಕೆರೆ ಟೀಚರ್:
ಸಾಕು. ಹುಣಸೆ ಬೀಜ ಇದ್ದರೆ ಇನ್ನೂ ಒಳ್ಳೆಯದು, ಅಳಿಸುವ ಕೆಲಸ ಇರುವುದಿಲ್ಲ.